ಹೃದಯದ ಕವಾಟ ಕೆಟ್ಟರೆ ತಿಳಿಯುವುದು ಹೇಗೆ?

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಮರಳದಂತೆ ತಡೆಯುವುದು ಅವುಗಳ ಕೆಲಸ. ಎಡಭಾಗದ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವುದು ಮೈಟ್ರಲ್ ಕವಾಟ. ಎಡ ಕೆಳಕೋಣೆಯಿಂದ ಇಡೀ ಮೈಗೆ ರಕ್ತ ಒಯ್ಯುವ ಮಹಾಪಧಮನಿಯ ಬಾಯಲ್ಲಿರುವುದು ಅಯೋರ್ಟಿಕ್ ಕವಾಟ. ಬಲಭಾಗದಲ್ಲಿ ಟ್ರೈಕಸ್ಪಿಡ್ ಮತ್ತು ಪಲ್ಮನರಿ ಕವಾಟಗಳಿವೆ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಈ ನಾಲ್ಕೂ ತೆರೆದು ಮುಚ್ಚಬೇಕು. ದೊಡ್ಡವರಲ್ಲಿ ಕೆಡುವುದು ಹೆಚ್ಚಾಗಿ ಎಡಭಾಗದ ಎರಡು ಕವಾಟಗಳು.

ಕವಾಟ ಕೆಡುವ ಬಗೆ ಎರಡು. ಒಂದು, ಬಾಯಿ ಕಿರಿದಾಗುವುದು. ಹಳೆಯ ಮನೆಯ ಬಾಗಿಲು ಮಳೆಗೆ ಉಬ್ಬಿ ಅರ್ಧಕ್ಕೇ ಸಿಕ್ಕಿಕೊಂಡಂತೆ ಕವಾಟ ಪೂರ್ತಿ ತೆರೆಯುವುದಿಲ್ಲ. ಹಿಂದಿನ ಕೋಣೆಯಲ್ಲಿ ಒತ್ತಡ ಏರುತ್ತದೆ. ಇನ್ನೊಂದು, ಸರಿಯಾಗಿ ಮುಚ್ಚದೆ ಸೋರುವುದು. ಆಗ ಮುಂದಕ್ಕೆ ಹೋದ ರಕ್ತದಲ್ಲಿ ಒಂದಷ್ಟು ಹಿಂದಕ್ಕೆ ಬರುತ್ತದೆ, ಹೃದಯ ಅದೇ ರಕ್ತವನ್ನು ಮತ್ತೆ ತಳ್ಳಬೇಕಾಗುತ್ತದೆ. ಒಂದೇ ಕವಾಟ ಕಿರಿದಾಗಿಯೂ ಇರಬಹುದು, ಸೋರುತ್ತಲೂ ಇರಬಹುದು. ‘ವಾಲ್ವ್ ಪ್ರಾಬ್ಲಂ’ ಎಂದು ಜನ ಹೇಳುವುದು ಇದನ್ನೇ. ಹುಟ್ಟಿನಿಂದ ಬರುವ ‘ಹೃದಯದಲ್ಲಿ ತೂತು’ ಬೇರೆ ಕಾಯಿಲೆ.

ಲಕ್ಷಣ ತಡವಾಗಿ ಬರುವುದೇಕೆ?

ಕವಾಟದ ಕಾಯಿಲೆ ಹೃದಯಾಘಾತದಂತೆ ಒಂದೇ ಏಟಿಗೆ ಬರುವುದು ಅಪರೂಪ. ಮೈಟ್ರಲ್ ಕವಾಟದ ಬಾಯಿ ಸಹಜವಾಗಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಅದು 2ರ ಆಸುಪಾಸಿಗೆ ಇಳಿದರೂ ಕುಳಿತಿದ್ದವರಿಗೆ ಏನೂ ಗೊತ್ತಾಗದೆ ಇರಬಹುದು, 1.5ಕ್ಕೆ ಇಳಿದರೆ ಕಾಯಿಲೆ ತೀವ್ರ ಎಂಬ ಲೆಕ್ಕ. ಈ ಕುಗ್ಗುವಿಕೆಗೆ ಎಷ್ಟೋ ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಹೃದಯದ ಸ್ನಾಯು ದಪ್ಪವಾಗಿ, ಕೋಣೆ ಹಿಗ್ಗಿ, ಕೊರತೆಯನ್ನು ತುಂಬಿಕೊಳ್ಳುತ್ತಿರುತ್ತದೆ.

ಮನುಷ್ಯರೂ ತಮಗೆ ಗೊತ್ತಿಲ್ಲದೆ ಹೊಂದಿಕೊಳ್ಳುತ್ತಾರೆ. ಬೆಳಗಾವಿಯ ಕಪಿಲೇಶ್ವರ ಮೇಲ್ಸೇತುವೆಯನ್ನು ಒಂದೇ ಉಸಿರಿಗೆ ಏರುತ್ತಿದ್ದವರು ನಡುವೆ ನಿಲ್ಲತೊಡಗುತ್ತಾರೆ, ಆಮೇಲೆ ಆಟೊ ಹಿಡಿಯುತ್ತಾರೆ. ಖಾನಾಪುರದ ಗದ್ದೆಯಲ್ಲಿ ದಿನವಿಡೀ ನಾಟಿ ಹಚ್ಚುತ್ತಿದ್ದ ಹೆಣ್ಣುಮಗಳು ಮಧ್ಯಾಹ್ನಕ್ಕೇ ಬದುವಿನ ಮೇಲೆ ಕೂರುತ್ತಾಳೆ, ಮರುವರ್ಷ ನಾಟಿಗೇ ಹೋಗುವುದಿಲ್ಲ. ಎರಡು ಕೊಡ ಹೊರುತ್ತಿದ್ದವಳು ಒಂದಕ್ಕೆ ಇಳಿಯುತ್ತಾಳೆ. ಕೆಲಸ ಕಡಿಮೆಯಾದ ಮೇಲೆ ಏದುಸಿರೂ ಕಡಿಮೆಯಾಗುತ್ತದೆ. ‘ಏನೂ ತೊಂದರೆಯಿಲ್ಲ’ ಎಂಬ ಉತ್ತರ ಬರುವುದು ಹೀಗೆ. ಆದ್ದರಿಂದ ಕವಾಟದ ಕಾಯಿಲೆಯ ಅನುಮಾನ ಬಂದಾಗ ‘ಏನಾಗುತ್ತಿದೆ’ ಎಂದು ಕೇಳಿದರೆ ಸಾಲದು. ‘ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸವನ್ನು ಈ ವರ್ಷ ಬಿಟ್ಟಿದ್ದೀರಿ’ ಎಂದೂ ಕೇಳಬೇಕು. ವೈದ್ಯರು ಈ ಕಾಯಿಲೆಯನ್ನು ನಾಲ್ಕು ಹಂತಗಳಾಗಿ ಅಳೆಯುವುದೂ ಇದೇ ಲೆಕ್ಕದಲ್ಲಿ: ಯಾವ ಕೆಲಸಕ್ಕೂ ದಮ್ಮು ಹತ್ತದಿದ್ದರೆ ಮೊದಲ ಹಂತ, ದಿನನಿತ್ಯದ ಕೆಲಸಕ್ಕೆ ಹತ್ತಿದರೆ ಎರಡನೆಯದು, ಅದಕ್ಕಿಂತ ಹಗುರ ಕೆಲಸಕ್ಕೂ ಹತ್ತಿದರೆ ಮೂರನೆಯದು, ಸುಮ್ಮನೆ ಕುಳಿತಾಗಲೂ ಹತ್ತಿದರೆ ನಾಲ್ಕನೆಯದು.

ಮೈ ತೋರುವ ಲಕ್ಷಣಗಳು

ಮೊದಲ ಲಕ್ಷಣ ಸಾಮಾನ್ಯವಾಗಿ ಏದುಸಿರು. ಎಡಭಾಗದ ಕವಾಟ ಕೆಟ್ಟರೆ ಒತ್ತಡ ಹಿಂದಕ್ಕೆ ಸರಿದು ಪುಪ್ಪುಸದ ರಕ್ತನಾಳಗಳನ್ನು ಮುಟ್ಟುತ್ತದೆ. ಅಲ್ಲಿಂದ ನೀರಿನಂಶ ಪುಪ್ಪುಸದೊಳಗೆ ಜಿನುಗುತ್ತದೆ. ಮೊದಮೊದಲು ಏರು ಹತ್ತುವಾಗ, ಭಾರ ಹೊರುವಾಗ ಮಾತ್ರ ಉಸಿರು ಸಾಲದಂತಾಗುತ್ತದೆ. ಕಾಯಿಲೆ ಬಲಿತಂತೆ ಅಂಗಾತ ಮಲಗುವುದು ಕಷ್ಟವಾಗಿ, ಒಂದು ದಿಂಬಿನ ಜಾಗದಲ್ಲಿ ಎರಡು ಮೂರು ಬೇಕಾಗುತ್ತವೆ. ಮಲಗಿದ ಒಂದೆರಡು ತಾಸಿಗೆ ಉಸಿರುಗಟ್ಟಿದಂತಾಗಿ ಎದ್ದು ಕುಳಿತು, ಕಿಟಕಿ ತೆರೆದು ಗಾಳಿ ತೆಗೆದುಕೊಂಡ ಮೇಲೆ ಸಮಾಧಾನವಾಗುವುದು ಹೃದಯದ ಏದುಸಿರಿನ ಬಲವಾದ ಗುರುತು.

ದಮ್ಮು ಎಂದ ಕೂಡಲೇ ಅಸ್ತಮಾ ನೆನಪಾಗುತ್ತದೆ. ಅಸ್ತಮಾದಲ್ಲೂ ರಾತ್ರಿ ಎಚ್ಚರವಾಗುತ್ತದೆ, ಹೃದಯದ ಏದುಸಿರಿನಲ್ಲೂ ಕೆಲವೊಮ್ಮೆ ಎದೆ ಸುಂಯ್‌ಗುಟ್ಟುತ್ತದೆ. ಚಿಕ್ಕಂದಿನಿಂದ ಅಸ್ತಮಾ ಇಲ್ಲದವರಿಗೆ ಮೂವತ್ತು ನಲವತ್ತರಲ್ಲಿ ಹೊಸದಾಗಿ ‘ಅಸ್ತಮಾ’ ಶುರುವಾದರೆ, ಇನ್‌ಹೇಲರಿನಿಂದ ಹೆಚ್ಚೇನೂ ಗುಣ ಕಾಣದಿದ್ದರೆ, ಹೃದಯವನ್ನೂ ಪರೀಕ್ಷಿಸಬೇಕು. ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯಿಂದಲೂ ಸುಸ್ತು, ಏದುಸಿರು ಬರುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇದ್ದಾಗ ಕವಾಟದ ಕಾಯಿಲೆಯ ಲಕ್ಷಣಗಳು ಇನ್ನಷ್ಟು ಜೋರಾಗುತ್ತವೆ. ಒಂದು ಕಾರಣ ಸಿಕ್ಕಿತೆಂದು ಇನ್ನೊಂದನ್ನು ಹುಡುಕುವುದನ್ನು ಬಿಡಬಾರದು.

ಎರಡನೆಯದು ಎದೆ ಧಡಧಡ ಬಡಿದುಕೊಳ್ಳುವುದು. ಮೈಟ್ರಲ್ ಕವಾಟ ಕಿರಿದಾದಾಗ ಎಡ ಮೇಲ್ಕೋಣೆ ಹಿಗ್ಗುತ್ತದೆ. ಹಿಗ್ಗಿದ ಕೋಣೆ ತಾಳ ತಪ್ಪಿ ಅದುರತೊಡಗುತ್ತದೆ. ನಾಡಿ ಹಿಡಿದು ನೋಡಿದರೆ ಒಂದು ಬಡಿತ ಬೇಗ, ಒಂದು ತಡ, ಒಂದು ಜೋರು, ಒಂದು ಕ್ಷೀಣ ಎಂಬಂತೆ ಸಿಗುತ್ತದೆ. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಮೆದುಳಿಗೆ ಹೋದರೆ ಪಾರ್ಶ್ವವಾಯು. ಚಿಕ್ಕ ವಯಸ್ಸಿನವರಿಗೆ ಇದ್ದಕ್ಕಿದ್ದಂತೆ ಲಕ್ವ ಹೊಡೆದಾಗ ವೈದ್ಯರು ಹೃದಯದ ಕವಾಟವನ್ನೂ ನೋಡುವುದು ಇದೇ ಕಾರಣಕ್ಕೆ. ಕೆಲವರಲ್ಲಿ ಕವಾಟದ ಕಾಯಿಲೆ ಪತ್ತೆಯಾಗುವುದೇ ಲಕ್ವ ಹೊಡೆದ ಮೇಲೆ.

ಉಳಿದವು ಕಾಯಿಲೆಯ ಬಗೆ ಮತ್ತು ಹಂತವನ್ನು ಅವಲಂಬಿಸುತ್ತವೆ. ಮೈಟ್ರಲ್ ಕವಾಟ ಕಿರಿದಾದವರಿಗೆ ಕೆಮ್ಮಿದಾಗ ಕಫದಲ್ಲಿ ರಕ್ತ ಕಾಣಬಹುದು. ಕ್ಷಯವೆಂದು ಪರೀಕ್ಷೆಗಳಾಗಿ, ಕ್ಷಯವಿಲ್ಲವೆಂದು ಗೊತ್ತಾದ ಮೇಲೂ ರಕ್ತ ಬರುತ್ತಿದ್ದರೆ ಹೃದಯದತ್ತ ನೋಡಬೇಕು. ಹಿಗ್ಗಿದ ಮೇಲ್ಕೋಣೆಯಿಂದಾಗಿ ಧ್ವನಿಪೆಟ್ಟಿಗೆಯ ನರ ಒತ್ತಿಕೊಂಡು ದನಿ ಒಡೆಯುವುದೂ ಅಪರೂಪಕ್ಕೆ ಉಂಟು. ಕಾಯಿಲೆ ಬಲಭಾಗವನ್ನು ಮುಟ್ಟಿದಾಗ ಪಾದ ಬಾತು, ಬೆರಳಿಂದ ಒತ್ತಿದರೆ ಕುಳಿ ಬೀಳುತ್ತದೆ. ಹೊಟ್ಟೆ ಉಬ್ಬುತ್ತದೆ, ಹಸಿವು ಸಾಯುತ್ತದೆ. ಇದನ್ನೂ ಗ್ಯಾಸೆಂದು ತಳ್ಳಿಹಾಕುವವರಿದ್ದಾರೆ.

ಅಯೋರ್ಟಿಕ್ ಕವಾಟ ಕಿರಿದಾದಾಗ ಮೂರು ಲಕ್ಷಣಗಳಿಗೆ ಮಹತ್ವ: ನಡೆಯುವಾಗ ಎದೆನೋವು, ಶ್ರಮಪಟ್ಟಾಗ ಕಣ್ಣು ಕತ್ತಲೆಗಟ್ಟಿ ಬೀಳುವುದು, ಏದುಸಿರು. ತೀವ್ರವಾಗಿ ಕಿರಿದಾದ ಕವಾಟದ ಜೊತೆಗೆ ಇವುಗಳಲ್ಲಿ ಒಂದು ಕಂಡರೂ ಕಾಯುವ ಕಾಲ ಮುಗಿಯಿತೆಂದೇ ಅರ್ಥ. ಕವಾಟ ಬದಲಿಸದಿದ್ದರೆ ಬದುಕು ಸಾಮಾನ್ಯವಾಗಿ 2ರಿಂದ 5 ವರ್ಷಕ್ಕೆ ಇಳಿಯುತ್ತದೆ. ಅದೇ ಕವಾಟ ಸೋರುತ್ತಿದ್ದರೆ ಎಡಮಗ್ಗುಲಿಗೆ ಮಲಗಿದಾಗ ಬಡಿತ ಎದೆಗೆ ಗುದ್ದಿದಂತೆ ಕೇಳುತ್ತದೆ, ಕುತ್ತಿಗೆಯ ನಾಡಿ ಕಣ್ಣಿಗೆ ಕಾಣುವಷ್ಟು ಕುಣಿಯುತ್ತದೆ.

ಗಂಟಲುನೋವಿನಿಂದ ಹೃದಯಕ್ಕೆ

ಭಾರತದಲ್ಲಿ ಎಳೆಯರ ಮತ್ತು ನಡುವಯಸ್ಸಿನವರ ಕವಾಟ ಕೆಡಲು ಮುಖ್ಯ ಕಾರಣ ರುಮ್ಯಾಟಿಕ್ ಜ್ವರ. ಅದರ ಮೂಲ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದ ಗಂಟಲುನೋವು. 5ರಿಂದ 15 ವರ್ಷದ ಮಕ್ಕಳಿಗೆ ಇದು ಹೆಚ್ಚು. ಇಕ್ಕಟ್ಟಾದ ಮನೆ, ಒಂದೇ ಕೋಣೆಯಲ್ಲಿ ಐದಾರು ಜನರ ನಿದ್ದೆ ಸೋಂಕನ್ನು ಹಬ್ಬಿಸುತ್ತವೆ. ಖಾನಾಪುರದ ಇಟ್ಟಿಗೆಭಟ್ಟಿಯ ಗುಡಿಸಲಿಗೂ, ಬೆಳಗಾವಿಯ ವಡಗಾವಿ, ಖಾಸಬಾಗಗಳಲ್ಲಿ ಮಗ್ಗದ ಜೊತೆಗೇ ಸಂಸಾರ ನಡೆಸುವ ಸಣ್ಣ ಮನೆಗೂ ಈ ಮಾತು ಒಪ್ಪುತ್ತದೆ.

ಗಂಟಲುನೋವು ವಾಸಿಯಾದ ಎರಡು ಮೂರು ವಾರಕ್ಕೆ ಮಗುವಿಗೆ ಜ್ವರ ಬರುತ್ತದೆ, ದೊಡ್ಡ ಕೀಲುಗಳು ಬಾಯುತ್ತವೆ. ಈ ನೋವಿಗೆ ಒಂದು ನಡೆಯಿದೆ: ಇಂದು ಮೊಣಕಾಲು ಕೆಂಪಾಗಿ ಬಿಸಿಯಾಗಿ ಮುಟ್ಟಗೊಡದಿದ್ದರೆ, ನಾಲ್ಕು ದಿನಕ್ಕೆ ಅದು ಇಳಿದು ಹಿಮ್ಮಡಿಯ ಗಂಟು ಹಿಡಿಯುತ್ತದೆ, ಅಲ್ಲಿಂದ ಮೊಣಕೈಗೆ ಹೋಗುತ್ತದೆ. ಕೊನೆಗೆ ಕೀಲುಗಳೆಲ್ಲ ಮೊದಲಿನಂತಾಗುತ್ತವೆ, ಮಗು ಆಡಲು ಓಡುತ್ತದೆ. ಹೃದಯಕ್ಕೆ ಆದ ಗಾಯ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಕೆಲವು ಮಕ್ಕಳಲ್ಲಿ, ಹೆಚ್ಚಾಗಿ ಹುಡುಗಿಯರಲ್ಲಿ, ತಿಂಗಳುಗಳ ನಂತರ ಕೈಕಾಲು ತಾವಾಗಿಯೇ ಕುಣಿಯುತ್ತವೆ, ಅಕ್ಷರ ಸೊಟ್ಟಗಾಗುತ್ತದೆ, ಕೈಯಲ್ಲಿದ್ದ ಲೋಟ ಜಾರುತ್ತದೆ. ಶಾಲೆಯಲ್ಲಿ ಇದಕ್ಕೆ ಬೈಗುಳ ಸಿಗುತ್ತದೆ, ಊರಲ್ಲಿ ಗಾಳಿ ಸೋಂಕು ಎಂದು ಚೀಟಿ ಕಟ್ಟಿಸುತ್ತಾರೆ. ಇದು ರುಮ್ಯಾಟಿಕ್ ಜ್ವರದ್ದೇ ಒಂದು ರೂಪ.

ರುಮ್ಯಾಟಿಕ್ ಜ್ವರವನ್ನು ಗುರುತಿಸಲು ಅಮೆರಿಕದ ವೈದ್ಯ ಡಕೆಟ್ ಜೋನ್ಸ್ 1944ರಲ್ಲಿ ಕೊಟ್ಟ ಲಕ್ಷಣಪಟ್ಟಿಯೇ 2015ರ ಪರಿಷ್ಕರಣೆಯೊಂದಿಗೆ ಇಂದಿಗೂ ಬಳಕೆಯಲ್ಲಿದೆ. ಕೇವಲ ಎಎಸ್‌ಒ ರಕ್ತಪರೀಕ್ಷೆಯ ಅಂಕಿ ಏರಿತೆಂದು ಮಗುವಿಗೆ ಈ ಕಾಯಿಲೆಯ ಹಣೆಪಟ್ಟಿ ಹಚ್ಚುವುದು ತಪ್ಪು. ಆ ಅಂಕಿ ಹೇಳುವುದು ಈಚೆಗೆ ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿತ್ತು ಎಂಬುದನ್ನಷ್ಟೇ.

ತಡೆಯುವ ದಾರಿ ಅಗ್ಗದ್ದು. ಬ್ಯಾಕ್ಟೀರಿಯದ ಗಂಟಲುನೋವಿಗೆ 9 ದಿನದೊಳಗೆ ಪೆನಿಸಿಲಿನ್ ಶುರುವಾದರೆ ರುಮ್ಯಾಟಿಕ್ ಜ್ವರ ಬರದಂತೆ ತಡೆಯಬಹುದು. ಒಮ್ಮೆ ಬಂದವರಿಗೆ ಮತ್ತೆ ಬಾರದಂತೆ ನೋಡಿಕೊಳ್ಳಬೇಕು, ಏಕೆಂದರೆ ಪ್ರತಿ ಸಲವೂ ಕವಾಟಕ್ಕೆ ಹೊಸ ಗಾಯ. ಪೆನಿಡ್ಯೂರ್ ಎಂದೇ ಹಲವರಿಗೆ ಪರಿಚಿತವಾದ ಬೆಂಜಾಥೈನ್ ಪೆನಿಸಿಲಿನ್ ಚುಚ್ಚುಮದ್ದನ್ನು ದೊಡ್ಡವರಿಗೆ 12 ಲಕ್ಷ ಯೂನಿಟ್, 27 ಕಿಲೊಗಿಂತ ಕಡಿಮೆ ತೂಕದ ಮಕ್ಕಳಿಗೆ 6 ಲಕ್ಷ ಯೂನಿಟ್‌ನಂತೆ ಮೂರು ವಾರಕ್ಕೊಮ್ಮೆ ಕೊಡುತ್ತಾರೆ. ಇದು ವರ್ಷಗಟ್ಟಲೆ ನಡೆಯಬೇಕಾದ ಚಿಕಿತ್ಸೆ; ಕವಾಟ ಕೆಟ್ಟಿದ್ದರೆ ಕನಿಷ್ಠ 10 ವರ್ಷ, ತೀವ್ರವಾಗಿದ್ದರೆ 40ರ ವಯಸ್ಸಿನವರೆಗೂ ಮುಂದುವರಿಯಬಹುದು. ಚುಚ್ಚುಮದ್ದು ನೋಯುತ್ತದೆ, ಮಗು ಗಟ್ಟಿಮುಟ್ಟಾಗಿ ಕಾಣುತ್ತದೆ, ಆಸ್ಪತ್ರೆ ದೂರ. ಈ ಮೂರು ಕಾರಣಗಳಿಂದ ಸೂಜಿ ತಪ್ಪುತ್ತದೆ.

ಬಸುರಿಯರು, ಹಿರಿಯರು

ಮೈಟ್ರಲ್ ಕವಾಟ ಕಿರಿದಾಗುವ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬಸಿರಿನಲ್ಲಿ ಮೈಯ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಏರುತ್ತದೆ. ಅದುವರೆಗೆ ಸುಮ್ಮನಿದ್ದ ಕಾಯಿಲೆ ಐದಾರು ತಿಂಗಳಲ್ಲಿ ಏದುಸಿರಾಗಿ ತಲೆ ಎತ್ತುತ್ತದೆ. ಬಸಿರಿನಲ್ಲಿ ಒಂದಿಷ್ಟು ದಮ್ಮು ಸಹಜವೇ. ಆದರೆ ಅಂಗಾತ ಮಲಗಲಾರದಷ್ಟು ದಮ್ಮು, ರಾತ್ರಿ ಕೆಮ್ಮು, ಕಫದಲ್ಲಿ ರಕ್ತ ಸಹಜವಲ್ಲ. ಹೆರಿಗೆಯ ಹೊತ್ತು ಮತ್ತು ಹೆರಿಗೆಯಾದ ಮೊದಲ ದಿನಗಳು ಇನ್ನೂ ಅಪಾಯದವು. ಆಶಾ ಕಾರ್ಯಕರ್ತೆ ತಾಯಿ ಕಾರ್ಡು ಬರೆಯುವಾಗಲೇ ‘ಚಿಕ್ಕಂದಿನಲ್ಲಿ ಕೀಲು ಬಾತ ಜ್ವರ ಬಂದಿತ್ತೇ’ ಎಂದು ಕೇಳಿದರೆ, ಮೊದಲ ತಪಾಸಣೆಯಲ್ಲೇ ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಎಷ್ಟೋ ಜೀವ ಉಳಿಯುತ್ತವೆ.

ಅರವತ್ತೈದು ದಾಟಿದವರಲ್ಲಿ ಕಾರಣ ಬೇರೆ. ವಯಸ್ಸಾದಂತೆ ಅಯೋರ್ಟಿಕ್ ಕವಾಟದ ಮೇಲೆ ಸುಣ್ಣದಂಶ ಕೂತು ಅದು ಬಿರುಸಾಗುತ್ತದೆ. ಸಹಜವಾಗಿ ಮೂರು ಎಸಳಿರಬೇಕಾದ ಈ ಕವಾಟ ನೂರಕ್ಕೆ ಒಬ್ಬಿಬ್ಬರಲ್ಲಿ ಹುಟ್ಟಿನಿಂದಲೇ ಎರಡೇ ಎಸಳಿನದಾಗಿರುತ್ತದೆ. ಅಂಥವರಿಗೆ ಕಾಯಿಲೆ ಒಂದೆರಡು ದಶಕ ಮೊದಲೇ ಬರಬಹುದು. ಬೆಳಗಿನ ವಾಕಿಂಗ್‌ನಲ್ಲಿ ಕಿಲ್ಲಾ ಕೆರೆಯನ್ನು ಸುತ್ತುತ್ತಿದ್ದ ಹಿರಿಯರು ಅರ್ಧ ಸುತ್ತಿಗೇ ಬೆಂಚು ಹುಡುಕಿದರೆ ‘ವಯಸ್ಸಾಯಿತು’ ಎಂದು ಬಿಡುವಂತಿಲ್ಲ.

ಕವಾಟ ಕೆಟ್ಟವರಿಗೆ, ಅದರಲ್ಲೂ ಕೃತಕ ಕವಾಟ ಹಾಕಿಸಿಕೊಂಡವರಿಗೆ, ವಾರಗಟ್ಟಲೆ ಬಿಡದ ಸಣ್ಣ ಜ್ವರ ಗಂಭೀರ ಸೂಚನೆ. ಹಲ್ಲು ಕೀಳಿಸಿದಾಗ, ಒಸಡು ಕೊಳೆತಾಗ ರಕ್ತಕ್ಕೆ ಇಳಿದ ಬ್ಯಾಕ್ಟೀರಿಯ ಕವಾಟದ ಮೇಲೆ ಬೀಡುಬಿಡುತ್ತದೆ. ರಕ್ತವನ್ನು ಕಲ್ಚರ್ ಪರೀಕ್ಷೆಗೆ ಕೊಡುವ ಮೊದಲೇ ಅಂಗಡಿಯ ಆ್ಯಂಟಿಬಯಾಟಿಕ್ ಗುಳಿಗೆ ನುಂಗಿದರೆ ರೋಗಾಣು ಪತ್ತೆಯಾಗುವುದು ಕಷ್ಟ.

ಪರೀಕ್ಷೆ: ಇಸಿಜಿ ಸಾಲದು

ಕವಾಟದ ಕಾಯಿಲೆಯ ಮೊದಲ ಪರೀಕ್ಷೆ ಸ್ಟೆತಸ್ಕೋಪ್. ಕಿರಿದಾದ ಅಥವಾ ಸೋರುವ ಕವಾಟದಲ್ಲಿ ರಕ್ತ ಸುಳಿಗಟ್ಟಿ ಹರಿಯುವಾಗ ಮರ್ಮರ ಸದ್ದು ಬರುತ್ತದೆ. ಎಲ್ಲ ಮರ್ಮರವೂ ಕಾಯಿಲೆಯಲ್ಲ: ಆರೋಗ್ಯವಂತ ಮಕ್ಕಳಲ್ಲಿ, ಜ್ವರ ಬಂದಾಗ, ಬಸಿರಿನಲ್ಲಿ, ರಕ್ತಹೀನತೆಯಲ್ಲಿ ನಿರಪಾಯದ ಮರ್ಮರ ಕೇಳುತ್ತದೆ. ಯಾವುದು ಎಂಥದು ಎಂದು ತೀರ್ಮಾನಿಸುವುದು ಎಕೊ. ಸ್ವೀಡನ್ನಿನ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ 1953ರಲ್ಲಿ ಶುರುಮಾಡಿದ ಈ ಪರೀಕ್ಷೆಯಲ್ಲಿ ಶಬ್ದದ ಅಲೆಗಳು ಹೃದಯದ ಚಿತ್ರ ಬಿಡಿಸುತ್ತವೆ. ಕವಾಟದ ಬಾಯಿ ಎಷ್ಟು, ಸೋರಿಕೆ ಎಷ್ಟು, ಹೃದಯದ ಪಂಪು ಎಷ್ಟು ಗಟ್ಟಿ ಎಂಬುದೆಲ್ಲ ಅರ್ಧ ಗಂಟೆಯೊಳಗೆ ಗೊತ್ತಾಗುತ್ತದೆ. ಸೂಜಿಯಿಲ್ಲ, ನೋವಿಲ್ಲ, ವಿಕಿರಣವಿಲ್ಲ, ಬಸುರಿಯರಿಗೂ ಮಾಡಬಹುದು.

‘ಇಸಿಜಿ ನಾರ್ಮಲ್ ಬಂತು, ಹೃದಯಕ್ಕೇನೂ ಆಗಿಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯದು. ಇಸಿಜಿ ಹೃದಯಾಘಾತವನ್ನೂ ತಾಳ ತಪ್ಪಿದ ಬಡಿತವನ್ನೂ ಚೆನ್ನಾಗಿ ಹಿಡಿಯುತ್ತದೆ. ಕವಾಟ ಕೆಟ್ಟಿದ್ದರೂ ಅದು ಸಹಜವಾಗಿಯೇ ಬರಬಹುದು.

ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿಲೊಮೀಟರ್. ಹೃದಯತಜ್ಞರು, ಎಕೊ, ಶಸ್ತ್ರಚಿಕಿತ್ಸೆ ಬೇಕಾದವರು ಬರುವುದು ಈ ನಗರಕ್ಕೇ: ಸರಕಾರಿ ಬಿಮ್ಸ್ ಆಸ್ಪತ್ರೆ ಇಲ್ಲಿದೆ, 1963ರಲ್ಲಿ ಶುರುವಾದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆಎಲ್‌ಇ ಡಾ. ಪ್ರಭಾಕರ ಕೋರೆ ಆಸ್ಪತ್ರೆ ನೆಹರು ನಗರದಲ್ಲಿದೆ. ಅಂಗನವಾಡಿ ಮತ್ತು ಸರಕಾರಿ ಶಾಲೆಯ ಮಕ್ಕಳನ್ನು 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ತಪಾಸಣೆ ಮಾಡುತ್ತವೆ. ಅವರ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದಯರೋಗವೂ ಸೇರಿದೆ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯುವುದನ್ನು ಮರೆಯಬಾರದು.

ಚಿಕಿತ್ಸೆ ಮತ್ತು ಅದರ ನಂತರ

ಕಾಯಿಲೆ ಹಗುರಾಗಿದ್ದರೆ ಕಾಲಕಾಲಕ್ಕೆ ಎಕೊ ಮಾಡಿಸಿದರೆ ಸಾಕು. ಗುಳಿಗೆಗಳು ಮೈಯ ನೀರು ಇಳಿಸುತ್ತವೆ, ಬಡಿತವನ್ನು ಹಿಡಿತಕ್ಕೆ ತರುತ್ತವೆ. ಕವಾಟವನ್ನು ಮೊದಲಿನಂತೆ ಮಾಡಲಾರವು. ಎಸಳು ಇನ್ನೂ ಮೆತ್ತಗಿರುವ, ಹೆಚ್ಚು ಸೋರದ ಮೈಟ್ರಲ್ ಕವಾಟವನ್ನು ತೊಡೆಯ ರಕ್ತನಾಳದಿಂದ ಬಲೂನು ತೂರಿಸಿ ಹಿಗ್ಗಿಸಬಹುದು. ಜಪಾನಿನ ಕಾಂಜಿ ಇನೌಯೆ 1982ರಲ್ಲಿ ಆರಂಭಿಸಿದ ಈ ವಿಧಾನದಲ್ಲಿ ಎದೆ ಕೊಯ್ಯುವ ಮಾತಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಇದರಲ್ಲಿ ದೊಡ್ಡ ಹೆಸರು ಮಾಡಿದೆ. ಬಲೂನಿಗೆ ಒಗ್ಗದ ಕವಾಟವನ್ನು ಶಸ್ತ್ರಚಿಕಿತ್ಸೆಯಿಂದ ರಿಪೇರಿ ಮಾಡುತ್ತಾರೆ, ಇಲ್ಲವೇ ಬದಲಿಸುತ್ತಾರೆ. ಭಾರತದ್ದೇ ಆದ ಚಿತ್ರಾ ಕವಾಟವನ್ನು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ರೂಪಿಸಿತು. 1990ರ ಡಿಸೆಂಬರ್ 6ರಂದು ಮೊದಲ ಸಲ ರೋಗಿಯೊಬ್ಬರಿಗೆ ಅಳವಡಿಸಲಾಯಿತು. 

ಲೋಹದ ಕವಾಟ ಹಾಕಿಸಿಕೊಂಡವರು ಜೀವನಪೂರ್ತಿ ರಕ್ತ ತೆಳುಮಾಡುವ ಗುಳಿಗೆ ನುಂಗಬೇಕು. ವಾರ್ಫರಿನ್, ಅಸಿಟ್ರೋಮ್ ಹೆಚ್ಚು ಬಳಕೆಯವು. ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿ ಸಾಮಾನ್ಯವಾಗಿ ಅಯೋರ್ಟಿಕ್ ಕವಾಟಕ್ಕೆ 2ರಿಂದ 3, ಮೈಟ್ರಲ್ ಕವಾಟಕ್ಕೆ 2.5ರಿಂದ 3.5ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಮೆಂತ್ಯ, ಪಾಲಕದಂಥ ಸೊಪ್ಪು ಬಿಡಬೇಕಿಲ್ಲ, ಒಂದು ವಾರ ದಂಡಿಯಾಗಿ ತಿಂದು ಮರುವಾರ ನಿಲ್ಲಿಸುವುದು ಸಲ್ಲದು. ನೋವಿನ ಗುಳಿಗೆಯನ್ನೂ ನಾಟಿ ಔಷಧವನ್ನೂ ವೈದ್ಯರನ್ನು ಕೇಳದೆ ನುಂಗಬಾರದು. ಬಸಿರಿನ ಯೋಚನೆಯಿದ್ದರೆ ಮೊದಲೇ ಹೇಳಬೇಕು, ಏಕೆಂದರೆ ಈ ಗುಳಿಗೆಗಳು ಭ್ರೂಣಕ್ಕೆ ಹಾನಿ ಮಾಡಬಲ್ಲವು. ನಿಶ್ಶಬ್ದದಲ್ಲಿ ಕೇಳುತ್ತಿದ್ದ ಲೋಹದ ಕವಾಟದ ಟಿಕ್ ಸದ್ದು ಮಂಕಾಗಿ ದಮ್ಮು ಹೆಚ್ಚಿದರೆ ಕವಾಟಕ್ಕೆ ಹೆಪ್ಪು ಕಟ್ಟಿರಬಹುದು. ಅದು ತುರ್ತು ಸ್ಥಿತಿ.

ಕಾಯಬಾರದ ಹೊತ್ತು

ಕೆಲವು ಲಕ್ಷಣಗಳಿಗೆ ನಾಳೆಯೆಂಬುದಿಲ್ಲ. ಕುಳಿತಲ್ಲೇ ಉಸಿರು ಸಿಗದಿರುವುದು, ಗುಲಾಬಿ ಬಣ್ಣದ ನೊರೆ ಕಫ, ಪ್ರಜ್ಞೆ ತಪ್ಪುವುದು, ಕಡಿಮೆಯಾಗದ ಎದೆನೋವು, ಮುಖ ಸೊಟ್ಟಗಾಗಿ ಮಾತು ತೊದಲುವುದು: ಇವು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ರೋಗಿಯನ್ನು ಅಂಗಾತ ಮಲಗಿಸದೆ, ಪ್ರಜ್ಞೆಯಿದ್ದರೆ ಒರಗಿಸಿ ಕೂರಿಸಬೇಕು.

ಖಾನಾಪುರದ ಕಾಡಂಚಿನ ಊರುಗಳಲ್ಲಿ ಕರೆ ಮಾಡಿದರೂ ಆಂಬುಲೆನ್ಸ್ ಬಾಗಿಲಿಗೆ ಬರುವುದಿಲ್ಲ. ಭೀಮಗಡ ಅರಣ್ಯದ ನಡುವಿನ ಆಮಗಾಂವ್, ಗವಾಳಿ, ಕೃಷ್ಣಾಪುರದಂಥ ಹಳ್ಳಿಗಳ ದಾರಿ ಮಳೆಗಾಲದಲ್ಲಿ ಹಳ್ಳಗಳ ಪಾಲಾಗುತ್ತದೆ. 2024ರ ಜುಲೈನಲ್ಲಿ ಆಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯ ಸ್ಟ್ರೆಚರಿನಲ್ಲಿ ಮಳೆಯ ನಡುವೆ ಕಾಡುಹಾದಿಯಲ್ಲಿ ಕಿಲೊಮೀಟರ್‌ಗಟ್ಟಲೆ ಹೊತ್ತು ಆಂಬುಲೆನ್ಸ್ ಮುಟ್ಟಿಸಬೇಕಾಯಿತು. ಇಂಥ ಊರಲ್ಲಿ ಕವಾಟದ ಕಾಯಿಲೆಯಿರುವವರು ಮಿರಗದ ಮಳೆ ಹಿಡಿಯುವ ಮೊದಲೇ ಎಕೊ, ಐಎನ್‌ಆರ್ ಮಾಡಿಸಿ, ಮಳೆಗಾಲಕ್ಕೆ ಸಾಕಾಗುವಷ್ಟು ಗುಳಿಗೆ ತಂದಿಟ್ಟುಕೊಳ್ಳಬೇಕು. ಪೆನಿಸಿಲಿನ್ ಸೂಜಿಯ ತಾರೀಖುಗಳನ್ನು ಆಶಾ ಕಾರ್ಯಕರ್ತೆಯ ಬಳಿ ಬರೆಸಬೇಕು. ದಿನ ತುಂಬುತ್ತಿರುವ ಬಸುರಿಯಾದರೆ ಹೆರಿಗೆಗೆ ಮೊದಲೇ ಬೆಳಗಾವಿಯಲ್ಲಿ ಉಳಿಯುವ ವ್ಯವಸ್ಥೆ ಮಾಡಬೇಕು.

ಉಳಿದವರು ಮಾಡಬೇಕಾದ್ದು ಇಷ್ಟೇ: ಮನೆಯಲ್ಲಿ ಯಾರಾದರೂ ಸದ್ದಿಲ್ಲದೆ ಕೆಲಸ ಕಡಿಮೆ ಮಾಡಿದ್ದರೆ, ದಿಂಬು ಹೆಚ್ಚಿಸಿಕೊಂಡಿದ್ದರೆ, ಅವರನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಎದೆಗೆ ಸ್ಟೆತಸ್ಕೋಪ್ ಇಡಿಸಿ. ಅಲ್ಲಿ ಮರ್ಮರ ಕೇಳಿಸಿದರೆ ಎಕೊ ಆಗುವವರೆಗೆ ಸುಮ್ಮನಾಗಬೇಡಿ; ಮರ್ಮರ ಕೇಳದೆಯೂ ದಮ್ಮಿಗೆ ಬೇರೆ ಕಾರಣ ಸಿಗದಿದ್ದರೆ ಎಕೊ ಬೇಕೇ ಎಂದು ವೈದ್ಯರನ್ನು ಕೇಳಿ.